ಮೆಸೇಜ್ ಬಂದದ್ದು ಯಾರ ಫೋನಿಗೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ವ್ಯಾಪಾರಕ್ಕೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ನಾವು ಕೇಳುವ ಮಾತಿದು: "ಚುಚ್ಚುಮದ್ದಿನ ದಿನ ಗೊತ್ತೇ ಆಗಲಿಲ್ಲ ಉಸ್ತಾದ್." ವಿಚಾರಿಸಿದರೆ ಮೆಸೇಜ್ ಬಂದಿರುತ್ತದೆ, ಗಲ್ಫಿನಲ್ಲೋ ಅಂಗಡಿಯಲ್ಲೋ ಇರುವ ಗಂಡನ ಫೋನಿಗೆ. ಆತ ಲೋನ್ ಜಾಹೀರಾತಿನ ಜೊತೆ ಅದನ್ನೂ ಅಳಿಸಿರುತ್ತಾನೆ. ಇನ್ನೊಬ್ಬರ ಕಾಗದ ಕೈಗೆ ಬಂದರೆ ಅದು ಅಮಾನತ್ ಎಂದು ಮದ್ರಸಾದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಹೆಂಡತಿಗೆ ಬಂದ ಮೆಸೇಜ್ ಬೇರೆಯೇ?

ತಾಯಿ ಕಾರ್ಡ್ ಮಾಡಿಸುವಾಗ ಒಂದು ಮೊಬೈಲ್ ನಂಬರ್ ಕೇಳುತ್ತಾರೆ. ನಾವು ಯೋಚಿಸದೆ ಗಂಡಸರ ನಂಬರ್ ಕೊಡುತ್ತೇವೆ. ಮಗುವಿನ ಲಸಿಕೆ ದಾಖಲಾಗುವ ಯು-ವಿನ್‌ನಲ್ಲೂ ಅಷ್ಟೆ, ಮುಂದಿನ ಡೋಸಿನ ನೆನಪು ಕೊಟ್ಟ ನಂಬರಿಗೇ ಬರುವುದು. ಕೇಂದ್ರ ಸರಕಾರ 2016ರಲ್ಲಿ ಕೆಲವು ರಾಜ್ಯಗಳಲ್ಲಿ ಶುರು ಮಾಡಿದ 'ಕಿಲ್ಕಾರಿ'ಯಲ್ಲಿ ಓದುವ ಕಷ್ಟವೂ ಇಲ್ಲ. ಬಸುರಿನ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವ ತನಕ ವಾರಕ್ಕೊಂದರಂತೆ 72 ಧ್ವನಿ ಸಂದೇಶ. ಅದೂ ಉಮ್ಮನ ಕಿವಿಗೆ ಬೀಳದಿದ್ದರೆ ಏನು ಫಲ?

ಹುಟ್ಟಿದಾಗಿನ ಲಸಿಕೆ, 6, 10, 14 ವಾರದ್ದು ಹೇಗೋ ತವರಲ್ಲೇ, ಮಂಗಳೂರು ಕಡೆ, ಮುಗಿಯುತ್ತದೆ. ತಪ್ಪುವುದು 9 ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ. ಅಷ್ಟರಲ್ಲಿ ಬಾಣಂತಿ ಇಲ್ಲಿಗೆ ಮರಳಿರುತ್ತಾಳೆ, ಕಾರ್ಡ್ ಅಲ್ಲೇ ಕಪಾಟಿನಲ್ಲಿ! ದಿನ ದಾಟಿತೆಂದು ಬಿಡಬೇಡಿ, ಐದು ವರ್ಷದೊಳಗೆ ಹಾಕುತ್ತಾರೆ.

ಆಶಾ ಕಾರ್ಯಕರ್ತೆ ಈ ಸಲ ಮನೆಗೆ ಬಂದಾಗ ನಂಬರ್ ಬದಲಾಯಿಸಲು ಹೇಳಿ. ಅವಳಿಗೆ ಫೋನ್ ಇಲ್ಲವಾದರೆ ಮನೆಯಲ್ಲೇ ಇರುವ ಅತ್ತೆಯದ್ದು ಕೊಡಿ. ರೀಚಾರ್ಜ್ ಮುಗಿದ ಸಿಮ್ಮಿನದ್ದು ಮಾತ್ರ ಬೇಡ.