ಹಳೆಯ ಜೀಪು: ಬಣ್ಣಕ್ಕೆ ಮೊದಲು ಚಾಸಿ ಅಳೆಯಿರಿ



ಹಳೆಯ ಜೀಪು ಕೊಂಡು ಹೊಸದರಂತೆ ಮಾಡಿಸುವ ಹಂಬಲ ನಮ್ಮಲ್ಲಿ ಹಲವರಿಗುಂಟು. ಮಳೆ ಕಡಿಮೆಯಾದ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಗಾಡಿಗೆ ಮಲೆನಾಡಿನ ಗಾಡಿಯಷ್ಟು ತುಕ್ಕು ಹಿಡಿಯದೆಂಬ ಲೆಕ್ಕಾಚಾರ ಸರಿಯೇ. ಆದರೆ ತುಕ್ಕಿಲ್ಲದ ಚಾಸಿಯೆಲ್ಲ ಪೆಟ್ಟು ತಿನ್ನದ ಚಾಸಿಯಲ್ಲ. ಕಬ್ಬಿನ ಟ್ರೇಲರಿಗೆ ಗುದ್ದಿ ಬಾಗಿದ ಉಕ್ಕು ಹೊಸ ಬಣ್ಣದಡಿ ಅಡಗಿರಬಹುದು.

ಬಾಡಿ ಇಳಿಸಿದಾಗಲೇ ಪರೀಕ್ಷಿಸುವುದು ಲೇಸು. ಕಾಫಿ ಕಣಕ್ಕೆ ಇಳಿಜಾರಿರುತ್ತದೆ. ಗೋದಾಮಿನ ಸಮತಟ್ಟು ನೆಲವೇ ವಾಸಿ. ಎರಡೂ ಬದಿಯ ಸ್ಪ್ರಿಂಗ್ ಬ್ರಾಕೆಟ್ಟುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ಚಾಸಿ ಸರಿಸಿ, ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. ಎರಡು ಕರ್ಣಗಳೂ ಸಮವಿರಬೇಕು; ಕಾಲು ಇಂಚು ವ್ಯತ್ಯಾಸ ಕಂಡರೂ ಅನುಮಾನಿಸಿ.

ತಿರುಚು ಈ ಅಳತೆಗೆ ಸಿಕ್ಕದು. ಮುಂದೊಂದು, ಹಿಂದೊಂದು ನೇರ ಪಟ್ಟಿಯನ್ನು ಚಾಸಿಗೆ ಅಡ್ಡಲಾಗಿಟ್ಟು ಒಂದರ ಮೇಲಿಂದ ಇನ್ನೊಂದನ್ನು ನೋಡಿ. ಸಮಾಂತರವಿಲ್ಲದಿದ್ದರೆ ಚಾಸಿ ತಿರುಚಿದೆ.

ಬಳಿಕ ಮುಂಭಾಗದ ಬಣ್ಣ, ಡಾಂಬರು ಕೆರೆದು ನೋಡಿ. ಉಕ್ಕಿನಲ್ಲಿ ಸುಕ್ಕು, ಉದ್ದಗಾದ ಬೋಲ್ಟು ತೂತು, ಒಂದೇ ಬದಿಗಿರುವ ವೆಲ್ಡಿಂಗು ಹಳೆಯ ಪೆಟ್ಟಿನ ಸಾಕ್ಷಿ. ಸಿಜೆ-3ಬಿ ಜೀಪಾದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗೆ ಎರಡೂ ಬದಿ 80 ಇಂಚು ಬರಬೇಕು.

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿಗೆ ಬೇರೆ ಚಾಸಿಯಿಲ್ಲ; ಅದರ ತಳವನ್ನೇ ಹೀಗೆ ಅಳೆಯಬೇಕು.

ಬಾಗಿದ್ದನ್ನು ಬೆಂಕಿಯಿಟ್ಟು ಬಡಿದರೆ ಉಕ್ಕು ಸೊರಗೀತು. ಬಲ್ಲ ಕಾರ್ಖಾನೆಯಲ್ಲೇ ಎಳೆಸಿ. ಘಟ್ಟದ ತಿರುವಿನಲ್ಲಿ ಆಳು, ಮೂಟೆ ಹೊತ್ತು ಇಳಿಯುವ ಗಾಡಿಯಿದು. ಮುಂಗಡ ಕೊಡುವ ಮುನ್ನ ಟೇಪು, ತೂಗುಗುಂಡು ಜೊತೆಗಿರಲಿ.