ಭಾರತ–ಜಪಾನ್ ಬಾಂಧವ್ಯವೂ ನಮ್ಮ ಸೀಮೆಯ ರೇಷ್ಮೆಯೂ

ವಿದೇಶಾಂಗ ನೀತಿ ಎಂದೊಡನೆ ನಮಗೆ ನೆನಪಾಗುವುದು ದೆಹಲಿ, ರಾಯಭಾರ ಕಚೇರಿ ಮತ್ತು ಸಹಿಯಾದ ಒಪ್ಪಂದ. ಆದರೆ ಆ ನೀತಿಯ ಫಲಾಫಲಗಳನ್ನು ಕಾಣಲು ದೆಹಲಿಯವರೆಗೆ ಹೋಗಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಸಾಕು. ಅಲ್ಲಿ ಹಳದಿ ಗೂಡುಗಳ ಜೊತೆಗೆ ಬಿಳಿಯ ಗೂಡುಗಳೂ ಹರಾಜಾಗುತ್ತವೆ. ಆ ಬಿಳಿಯ ಗೂಡಿನ ಹಿಂದೆ ಸಾವಿರಾರು ಮೈಲಿ ದೂರದ ಜಪಾನ್ ದೇಶದೊಡನೆ ನಮಗಿರುವ ನಂಟಿನ ಕಥೆಯಿದೆ.

ಈ ನಂಟು ಇತ್ತೀಚಿನದಲ್ಲ. 1893ರಲ್ಲಿ ಜಪಾನಿಗೆ ಹೋಗಿದ್ದ ಜಮ್‌ಶೇಟ್‌ಜಿ ಟಾಟಾ ಅವರು ಮುಂದೆ ಬೆಂಗಳೂರಿನಲ್ಲಿ ಜಪಾನಿ ತಜ್ಞರ ನೆರವಿನಿಂದ ರೇಷ್ಮೆ ಕ್ಷೇತ್ರವೊಂದನ್ನು ಸ್ಥಾಪಿಸಿದರು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಬೆಂಗಳೂರಿನ ಬಡಾವಣೆಯೊಂದಕ್ಕೆ ಇಂದಿಗೂ ಉಳಿದಿದೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ನೋಡಿಬಂದರು. ಚಿಕ್ಕ ದೇಶವೊಂದು ಶಿಕ್ಷಣ, ಕೈಗಾರಿಕೆಗಳಿಂದ ತಲೆಯೆತ್ತಿದ ಬಗೆ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಎರಡನೆಯ ಮಹಾಯುದ್ಧದ ತರುವಾಯ ಜಪಾನ್ ಸೋತು ಬಳಲಿತ್ತು. 1949ರಲ್ಲಿ ಪ್ರಧಾನಿ ನೆಹರೂ ಅವರು ಟೋಕಿಯೋದ ಮಕ್ಕಳಿಗೆ ಇಂದಿರಾ ಎಂಬ ಆನೆಯನ್ನು ಕಳುಹಿಸಿದರು. ಅದು ಮೈಸೂರು ಸೀಮೆಯ ಆನೆ. ಅದಕ್ಕೆ ತಿಳಿಯುತ್ತಿದ್ದ ಮಾತು ಕನ್ನಡವಾದ್ದರಿಂದ, ಉಯೆನೋ ಮೃಗಾಲಯದ ಪಾಲಕರು ನಮ್ಮ ಮಾವುತರಿಂದ ಕನ್ನಡದ ಆಜ್ಞೆಗಳನ್ನೇ ಕಲಿಯಬೇಕಾಯಿತು! 1952ರ ಏಪ್ರಿಲಿನಲ್ಲಿ ರಾಯಭಾರ ಸಂಬಂಧ ಆರಂಭವಾಗಿ, ಜೂನ್ 9ರಂದು ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿತು. ಯುದ್ಧ ಪರಿಹಾರವನ್ನು ಭಾರತವು ಕೇಳದೆ ಬಿಟ್ಟುಕೊಟ್ಟಿತು. 1958ರಲ್ಲಿ ಜಪಾನ್ ವಿದೇಶಗಳಿಗೆ ಯೆನ್ ಸಾಲ ಕೊಡಲಾರಂಭಿಸಿದಾಗ ಮೊದಲ ಸಾಲ ಸಂದದ್ದು ಭಾರತಕ್ಕೆ.

ಇನ್ನು ರೇಷ್ಮೆಯ ವಿಚಾರ. ನಮ್ಮ ಹಳೆಯ ಮೈಸೂರು ತಳಿಯ ಹುಳು ಈ ಬಿಸಿಲನ್ನು ತಾಳಿಕೊಳ್ಳುತ್ತದೆ. ವರ್ಷಕ್ಕೆ ಹಲವು ಪೀಳಿಗೆಗಳನ್ನು ಕಾಣುತ್ತದೆ. ಆದರೆ ಅದರ ಗೂಡಿನಲ್ಲಿ ನೂಲು ಕಡಿಮೆ, ಎಳೆಯೂ ಗಿಡ್ಡ. ವರ್ಷಕ್ಕೆರಡೇ ಪೀಳಿಗೆ ಕಾಣುವ ದ್ವಿತಳಿ ಹುಳುವಿನ ಗೂಡು ಬಿಳಿ; ಅದರ ಎಳೆ ಸಾವಿರ ಮೀಟರಿಗೂ ಮಿಗಿಲಾಗಿ ಬರಬಲ್ಲದು. ಮಿಶ್ರತಳಿಯ ಗೂಡಿನಿಂದ ಒಂದು ಕಿಲೋ ನೂಲು ತೆಗೆಯಲು ಸುಮಾರು 7–8 ಕಿಲೋ ಗೂಡು ಬೇಕಾದರೆ, ಒಳ್ಳೆಯ ದ್ವಿತಳಿಯದಾದರೆ ಸುಮಾರು 6 ಕಿಲೋ ಸಾಕು. ಹಾಗಿದ್ದರೂ ರೈತರು ಅದಕ್ಕೆ ಹಿಂಜರಿಯುತ್ತಿದ್ದರು. ಅದು ತಂಪು ದೇಶದ ಹುಳು. ಬೇಸಿಗೆಯಲ್ಲಿ ರೋಗ ತಗುಲಿ ಇಡೀ ಬೆಳೆಯೇ ಕೈಬಿಡುತ್ತಿತ್ತು.

ಈ ತೊಡಕನ್ನು ಬಿಡಿಸಲು ಜಪಾನ್ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯೂ ನಮ್ಮ ಕೇಂದ್ರ ರೇಷ್ಮೆ ಮಂಡಳಿಯೂ 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ಜೊತೆಗೂಡಿ ದುಡಿದವು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ಹವೆಗೆ ಒಗ್ಗುವ ಸಿ.ಎಸ್.ಆರ್. ತಳಿಗಳು ರೂಪುಗೊಂಡವು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಬಂದದ್ದು ಬರಿಯ ಮೊಟ್ಟೆಯಲ್ಲ, ಕ್ರಮ. ಮನೆಯ ಮೂಲೆಯಲ್ಲಿ ಹುಳು ಮೇಯಿಸುತ್ತಿದ್ದವರು ಅದಕ್ಕಾಗಿಯೇ ಪ್ರತ್ಯೇಕ ಮನೆ ಕಟ್ಟುವುದು, ಪ್ರತಿ ಬೆಳೆಗೂ ಮುನ್ನ ಅದನ್ನು ಸೋಂಕು ಕಳೆದು ಶುದ್ಧಿಮಾಡುವುದು, ಚಾಕಿ ಹುಳುವನ್ನು ನುರಿತವರ ಕೈಯಲ್ಲಿ ಬೆಳೆಸುವುದು, ಸೊಪ್ಪನ್ನು ಕೊಂಬೆಸಮೇತ ಹಾಕಿ ಶ್ರಮವನ್ನು ಉಳಿಸುವುದು — ಇವೆಲ್ಲ ಬಳಕೆಗೆ ಬಂದವು. ಹಣದ ನೆರವು ಖರ್ಚಾದೊಡನೆ ಮುಗಿಯುತ್ತದೆ. ಕಲಿತ ಕ್ರಮವಾದರೋ, ಕಲಿಸಿದವರು ಊರಿಗೆ ಮರಳಿದ ಮೇಲೂ ಉಳಿಯುತ್ತದೆ.

ಆದರೆ ವ್ಯಾಪಾರದ ಸಂಬಂಧಕ್ಕೆ ಇನ್ನೊಂದು ಮುಖವೂ ಉಂಟು. ಚೀನಾದ ಅಗ್ಗದ ಕಚ್ಚಾ ರೇಷ್ಮೆ ಹೇರಳವಾಗಿ ಬಂದಾಗ ನಮ್ಮ ಗೂಡಿನ ಬೆಲೆ ಕುಸಿಯಿತು. ಅದನ್ನು ತಡೆಯಲು 2003ರಲ್ಲಿ ಆ ರೇಷ್ಮೆಯ ಮೇಲೆ ವಿಶೇಷ ಸುಂಕವನ್ನು ಹಾಕಬೇಕಾಯಿತು. 2011ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಬೆಳೆಗಾರರು ಕಂಗೆಟ್ಟರು. ತರುವಾಯ ಸುಂಕವನ್ನು ಮತ್ತೆ ಏರಿಸಲಾಯಿತು. ಇಲ್ಲಿ ನ್ಯಾಯ ಒಂದೇ ಪಕ್ಷದಲ್ಲಿದೆಯೆಂದು ಹೇಳಲಾಗದು. ಕಾಶಿಯ ನೇಕಾರನಿಗೆ ಅಗ್ಗದ, ಸಮನಾದ ನೂಲು ಬೇಕು. ಶಿಡ್ಲಘಟ್ಟ, ಚಿಂತಾಮಣಿಗಳ ಬೆಳೆಗಾರನಿಗೆ ಗೂಡಿನ ಬೆಲೆ ನಿಲ್ಲಬೇಕು. ನೂಲು ಬಿಚ್ಚುವವನು ಈ ಇಬ್ಬರ ನಡುವೆ ಸಿಕ್ಕಿಕೊಂಡಿದ್ದಾನೆ. ಇತ್ತ ಉತ್ತಮ ನೂಲು ತೆಗೆಯುವ ಸ್ವಯಂಚಾಲಿತ ಯಂತ್ರಗಳು ನಮಗೆ ಬಂದದ್ದೂ ಆ ಚೀನಾದಿಂದಲೇ!

ಹಾಗಾದರೆ ಜಪಾನಿಗೆ ಈ ಸಹಕಾರದಿಂದ ಬಂದ ಲಾಭವೇನು? ಒಂದು ಕಾಲದಲ್ಲಿ ಜಗತ್ತಿಗೆ ರೇಷ್ಮೆ ಮಾರಿದ ಆ ದೇಶದಲ್ಲಿ ರೇಷ್ಮೆ ಕೃಷಿ ಇಂದು ಹೆಸರಿಗಷ್ಟೇ ಉಳಿದಿದೆ. 1872ರಲ್ಲಿ ಆರಂಭವಾದ ತೊಮಿಯೋಕಾ ರೇಷ್ಮೆ ಕಾರ್ಖಾನೆ 1987ರಲ್ಲಿ ನಿಂತಿತು. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಸ್ಮಾರಕವಾಗಿರುವ ವಿದ್ಯೆ ಇಲ್ಲಿ ಅನ್ನ ಕೊಡುತ್ತಿದೆ. ವಿಶ್ವಾಸ ಬೆಳೆದಂತೆ ವ್ಯವಹಾರವೂ ಬೆಳೆಯಿತು. 2011ರ ಆಗಸ್ಟ್ 1ರಿಂದ ಎರಡು ದೇಶಗಳ ನಡುವೆ ಸಮಗ್ರ ಆರ್ಥಿಕ ಪಾಲುದಾರಿಕೆಯ ಒಪ್ಪಂದ ಜಾರಿಗೆ ಬಂದಿತು.

ದೂರದೇಶದ ಸ್ನೇಹವನ್ನು ಅಳೆಯಲು ಎರಡು ಪ್ರಶ್ನೆಗಳು ಸಾಕೆಂದು ತೋರುತ್ತದೆ: ಅದರಿಂದ ನಮ್ಮ ಕೈಯ ಕಸುಬು ಹೆಚ್ಚಿತೇ? ದುಡಿಯುವವನ ಬೆಲೆ ಉಳಿಯಿತೇ? ಮೊದಲನೆಯದಕ್ಕೆ ಜಪಾನಿನ ಸಹಕಾರ ಒಳ್ಳೆಯ ಉತ್ತರ ಕೊಟ್ಟಿದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ನಾವೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಿದ್ಯಾರ್ಥಿಗಳಲ್ಲಿ ಅನೇಕರ ಶುಲ್ಕ ಗೂಡು ಮಾರಿದ ಹಣದಿಂದಲೇ ಸಲ್ಲುತ್ತದೆ. ದರ ಇಳಿದ ದಿನ ಮನೆಯಲ್ಲಿ ಹಿರಿಯರು ಕಾರಣ ಕೇಳಿದರೆ, ಸುಂಕವೆಂದರೇನು, ಒಪ್ಪಂದವೆಂದರೇನು, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಬಿಡಿಸಿ ಹೇಳುವಷ್ಟಾದರೂ ನಾವು ಅರ್ಥಶಾಸ್ತ್ರವನ್ನು ಓದಿರಬೇಕು.