ಕಂಪ್ಯೂಟರಿನ ಕಡತಗಳು: ಒಂದೇ ಪ್ರತಿ ಸಾಲದು

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದ್ದು ಎಲ್ಲರಿಗೂ ತಿಳಿದ ವಿಷಯ. ತಾಳೆಗರಿಗೆ ಗೆದ್ದಲು, ಬೆಂಕಿಯ ಭಯವಿದ್ದಂತೆ ಇಂದಿನ ಹಾರ್ಡ್ ಡಿಸ್ಕಿಗೂ ಅಪಾಯಗಳಿವೆ. ಅದು ಮುನ್ಸೂಚನೆಯಿಲ್ಲದೆ ಕೆಡಬಹುದು, ವೈರಸ್‌ಗೆ ತುತ್ತಾಗಬಹುದು, ಲ್ಯಾಪ್‌ಟಾಪ್ ಜೊತೆ ಕಳುವಾಗಬಹುದು. ಅಂಕಪಟ್ಟಿಯ ನಕಲನ್ನು ಅರ್ಜಿ ಹಾಕಿ ಮತ್ತೆ ಪಡೆಯಬಹುದು. ತೀರಿಹೋದ ಅಜ್ಜಿಯ ಧ್ವನಿಯಿರುವ ವಿಡಿಯೊ ಹೋದರೆ ಹೋಯಿತು.

ಮೊದಲು ಜೋಡಣೆ

ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪೆನ್ ಡ್ರೈವ್ ಎಂದು ಚದುರಿದ ಕಡತಗಳನ್ನು ಒಂದೇ ಮುಖ್ಯ ಫೋಲ್ಡರಿಗೆ ತರಬೇಕು. ಅದರೊಳಗೆ ಗುರುತಿನ ದಾಖಲೆ, ಆಸ್ತಿ, ಬ್ಯಾಂಕ್, ಆರೋಗ್ಯ, ಶಿಕ್ಷಣ, ಫೋಟೊ ಎಂಬ ಉಪಫೋಲ್ಡರುಗಳು ಸಾಕು. ಹೆಸರಿಡುವಾಗ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ‘2024-03-15 ಮನೆ ಕಂದಾಯ ರಸೀದಿ’ ಎಂದು ಬರೆದರೆ ಕಡತಗಳು ಕಾಲಾನುಕ್ರಮದಲ್ಲಿ ತಾವಾಗಿಯೇ ನಿಲ್ಲುತ್ತವೆ.

3-2-1 ಸೂತ್ರ

ಕಡತದ 3 ಪ್ರತಿಗಳು, 2 ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ 1 ಪ್ರತಿ ಮನೆಯ ಹೊರಗೆ. ಕಂಪ್ಯೂಟರಿನಲ್ಲಿರುವುದು ಮೊದಲನೆಯದು, ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿರುವುದು ಎರಡನೆಯದು. ವಿಂಡೋಸ್‌ನ ಫೈಲ್ ಹಿಸ್ಟರಿ, ಮ್ಯಾಕ್‌ನ ಟೈಮ್ ಮಷೀನ್ ಈ ಕೆಲಸವನ್ನು ತಾವೇ ಮಾಡುತ್ತವೆ. ಕೆಲಸ ಮುಗಿದೊಡನೆ ಡಿಸ್ಕನ್ನು ಕಳಚಿಡಬೇಕು. ಜೋಡಿಸಿಯೇ ಇಟ್ಟರೆ ಕಂಪ್ಯೂಟರಿಗೆ ಬಂದ ವೈರಸ್ ಅದನ್ನೂ ಹಾಳುಮಾಡಬಹುದು. ಮೂರನೆಯ ಪ್ರತಿ ಬೇರೆ ಊರಿನಲ್ಲಿರುವ ಮಗ, ಮಗಳ ಮನೆಯಲ್ಲಿರಬಹುದು, ಇಲ್ಲವೇ ಗೂಗಲ್ ಡ್ರೈವ್‌ನಂಥ ಕ್ಲೌಡ್‌ನಲ್ಲಿರಬಹುದು.

ಸಿಂಕ್ ಬೇರೆ, ಬ್ಯಾಕಪ್ ಬೇರೆ

ಕ್ಲೌಡ್‌ನಲ್ಲಿದೆಯೆಂದು ಮೊಬೈಲಿನ ಫೋಟೊಗಳನ್ನು ಅಳಿಸುವವರು ಬಹಳ. ಗೂಗಲ್ ಫೋಟೋಸ್ ಆ್ಯಪ್‌ನಲ್ಲೇ ಅಳಿಸಿದರೆ ಕ್ಲೌಡ್‌ನ ಪ್ರತಿಯೂ ಅಳಿಯುತ್ತದೆ. ಸಿಂಕ್ ಎಂದರೆ ಎರಡೂ ಕಡೆ ಒಂದೇ ಸ್ಥಿತಿ; ಒಂದೆಡೆ ಆದ ತಪ್ಪು ಇನ್ನೊಂದೆಡೆಗೂ ಹೋಗುತ್ತದೆ. ಆದ್ದರಿಂದ ಹಾರ್ಡ್ ಡಿಸ್ಕಿನ ಪ್ರತಿ ಬಿಡುವಂತಿಲ್ಲ.

ಮರೆಯಬಾರದ ಎರಡು ಮಾತು

ಆರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಒಂದೆರಡು ಕಡತಗಳನ್ನು ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಇದ್ದೂ ಇಲ್ಲದಂತೆ. ಡಿಸ್ಕ್ ಎಲ್ಲಿದೆ, ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದೆ ಎಂಬುದು ಮನೆಯಲ್ಲಿ ಕನಿಷ್ಠ ಇಬ್ಬರಿಗೆ ತಿಳಿದಿರಬೇಕು. ಯಜಮಾನರು ಆಸ್ಪತ್ರೆಯಲ್ಲಿರುವಾಗ ವಿಮೆಯ ಕಾಗದ ಹುಡುಕುವ ಪಾಡು ಆಗ ಯಾರಿಗೂ ಬಾರದು.